ಬಡಿಸುವವರ ಮೇಜು

ಊಟದ ಮೇಜು ಸುಮಾರು 29 ಇಂಚು ಎತ್ತರ ಇರುತ್ತದೆ. ಕುರ್ಚಿಯಲ್ಲಿ ಕೂತವರ ಕೈಗೆ ಸರಿಹೋಗುವ ಎತ್ತರ ಅದು. ಅದೇ ಕೋಣೆಯ ಗೋಡೆ ಪಕ್ಕದಲ್ಲಿ ಬಡಿಸುವ ಪಾತ್ರೆ ಇಡಲು ಇರುವ ಹಳೆಯ ಇಂಗ್ಲಿಷ್ ಸೈಡ್‌ಬೋರ್ಡನ್ನು ಅಳೆದು ನೋಡಿ. ಹತ್ತಿರ ಹತ್ತಿರ 36 ಇಂಚು ಬರುತ್ತದೆ. ಈ ಏಳು ಇಂಚು ಯಾಕೆ ಜಾಸ್ತಿ? ಮೇಜು ಕೂತು ಉಣ್ಣುವವರಿಗೆ ಮಾಡಿದ್ದು. ಸೈಡ್‌ಬೋರ್ಡು ನಿಂತು ಬಡಿಸುವವರಿಗೆ ಮಾಡಿದ್ದು.

ನಾನಿರುವ ಇಂಗ್ಲೆಂಡಿನಲ್ಲಿ ಹಳೆಯ ಮರದ ಸಾಮಾನಿನ ಬಗ್ಗೆ ಮಾತಾಡುವವರು ಕಾಲಿನ ಆಕಾರ, ಹಿಡಿಕೆಯ ಹಿತ್ತಾಳೆ, ವೆನೀರಿನ (ಮೇಲೆ ಅಂಟಿಸಿದ ತೆಳು ಮರದ ಪದರ) ಗೆರೆ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ನಾನೂ ಈಗ ಆ ಗುಂಪಿಗೆ ಸೇರಿದ್ದೇನೆ ಅನ್ನಿ. ಆದರೆ ನನಗೆ ಈ ಸಾಮಾನಿನಲ್ಲಿ ಮೊದಲು ಕಾಣುವುದು ಅದರ ಮುಂದೆ ನಿಂತಿದ್ದ ಮನುಷ್ಯ. ಊಟಕ್ಕೆ ಕೂತವರ ಕಣ್ಣಿಗೆ ಬೀಳದ ಹಾಗೆ ಕೆಲಸ ಮಾಡಬೇಕಾಗಿದ್ದವನು.

ಲಂಡನ್ನಿನ ಪಶ್ಚಿಮಕ್ಕೆ, ಹೌನ್ಸ್‌ಲೋ ಹತ್ತಿರ, ಆಸ್ಟರ್ಲಿ ಪಾರ್ಕ್ ಅಂತ ಒಂದು ದೊಡ್ಡ ಬಂಗಲೆ ಇದೆ. ಹೀಥ್ರೂ ವಿಮಾನಗಳು ತಲೆಯ ಮೇಲೆ ಹಾರುತ್ತಲೇ ಇರುತ್ತವೆ. ಆ ಕಡೆ ಇರುವ ಕನ್ನಡದವರು ಭಾನುವಾರ ಮಕ್ಕಳನ್ನು ಅದರ ಕೆರೆ ದಂಡೆಗೆ ಆಡಲು ಕರೆದುಕೊಂಡು ಹೋಗಬಹುದು, ಒಳಗೆ ಹೋಗುವವರು ಕಡಿಮೆ. ಹೋಗಬೇಕು. ಚೈಲ್ಡ್ ಅನ್ನುವ ಬ್ಯಾಂಕರ್ ಮನೆತನಕ್ಕೆ ವಾಸ್ತುಶಿಲ್ಪಿ ರಾಬರ್ಟ್ ಆಡಮ್ 1760ರ ದಶಕದಲ್ಲಿ ಹೊಸದಾಗಿ ರೂಪಿಸಿಕೊಟ್ಟ ಊಟದ ಕೋಣೆ ಅಲ್ಲಿದೆ. ಗೋಡೆ ಪಕ್ಕ ಒಂದು ಉದ್ದನೆಯ ಮೇಜು. ಅದರ ಎರಡೂ ಕಡೆ ಎರಡು ಗಿಡ್ಡ ಕಂಬದಂಥ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೇಲೆ ಒಂದೊಂದು ಕಲಶ. ಸೈಡ್‌ಬೋರ್ಡ್ ಅನ್ನುವ ಸಾಮಾನು ಹುಟ್ಟಿದ್ದು ಹೀಗೆ, ಬಿಡಿ ಬಿಡಿಯಾಗಿ.

ನೋಡಲು ದೇವಸ್ಥಾನದ ಅಲಂಕಾರದ ಹಾಗೆ ಇದ್ದರೂ ಅದರಲ್ಲಿ ಸುಮ್ನೆ ಇಟ್ಟದ್ದು ಯಾವುದೂ ಇಲ್ಲ. ಇಂಥ ಜೋಡಿ ಪೆಟ್ಟಿಗೆಗಳಲ್ಲಿ ಒಂದರ ಒಳಗೆ ತವರದ ತಗಡು ಹೊಡೆದು, ತಟ್ಟೆ ಜೋಡಿಸುವ ಹಲಗೆ ಇಟ್ಟು, ಕೆಳಗೆ ಕಾದ ಕಬ್ಬಿಣ ಇಡಲು ಜಾಗ ಮಾಡುತ್ತಿದ್ದರು. ತಟ್ಟೆ ಬಿಸಿಯಾಗಿರಲು. ದೊಡ್ಡ ಮನೆಗಳಲ್ಲಿ ಅಡುಗೆಮನೆ ಎಲ್ಲೋ ದೂರ. ಸಾರು ತಣ್ಣಗಾಗಿಯೇ ಬರುತ್ತಿತ್ತು. ತಟ್ಟೆಯಾದರೂ ಬಿಸಿ ಇರಲಿ ಅಂತ. ಕಲಶಗಳಲ್ಲಿ ಅಲಂಕಾರ ಅಷ್ಟೇ ಅಲ್ಲ, ನೀರೂ ಇರುತ್ತಿತ್ತು. ಒಂದರಲ್ಲಿ ಕುಡಿಯಲು ಮಂಜುಗಡ್ಡೆ ಹಾಕಿದ ನೀರು, ಇನ್ನೊಂದರಲ್ಲಿ ಬಟ್ಲರ್, ಅಂದರೆ ಮನೆಯ ಮುಖ್ಯ ಆಳು, ಲೋಟ ತೊಳೆಯಲು ನೀರು.

ಎರಡನೇ ಪೆಟ್ಟಿಗೆಯ ವಿಷಯ ಸ್ವಲ್ಪ ಮುಜುಗರದ್ದು. ಅದರೊಳಗೆ ಮೂತ್ರದ ಪಾತ್ರೆ ಇರುತ್ತಿತ್ತು. ಹೌದು, ಊಟದ ಕೋಣೆಯಲ್ಲೇ. ಊಟ ಮುಗಿದ ಮೇಲೆ ಹೆಂಗಸರು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ಗಂಡಸರು ಕೂತು ರಾಜಕೀಯ ಮಾತಾಡುತ್ತಾ ವೈನ್ ಕುಡಿಯುತ್ತಿದ್ದರು. ಹೊತ್ತು ಹೋದಂತೆ ಪಾತ್ರೆ ಹೊರಗೆ ಬರುತ್ತಿತ್ತು. 1784ರಲ್ಲಿ ಸಫೋಕ್‌ನಲ್ಲಿ ಉಳಿದುಕೊಂಡಿದ್ದ ಫ್ರಾನ್ಸ್‌ನ ತರುಣ ಫ್ರಾನ್ಸ್ವಾ ದ ಲಾ ರೋಶ್‌ಫೂಕೋ ಇದನ್ನು ನೋಡಿ ದಂಗಾಗಿ ಬರೆದಿಟ್ಟಿದ್ದಾನೆ. ಒಬ್ಬರು ಕುಡಿಯುತ್ತಿರುವಾಗಲೇ ಇನ್ನೊಬ್ಬರು ಅಲ್ಲೇ ಹಗುರಾಗುತ್ತಿದ್ದರಂತೆ, ಮರೆಯೂ ಇಲ್ಲ, ನಾಚಿಕೆಯೂ ಇಲ್ಲ. ಎಂಜಲು, ಮೈಲಿಗೆ, ಮಡಿ ಅಂತ ಕೇಳಿ ಬೆಳೆದ ನಮ್ಮಂಥವರಿಗೆ ಈ ಸಂಗತಿ ಓದಿದ ಮೇಲೆ ಹಳೆಯ ಸೈಡ್‌ಬೋರ್ಡಿನ ಪಕ್ಕದ ಬಾಗಿಲು ತೆರೆಯಲು ಕೈ ಹಿಂಜರಿಯುತ್ತದೆ. ಆ ಪಾತ್ರೆಯನ್ನು ತೆಗೆದು ಖಾಲಿ ಮಾಡುತ್ತಿದ್ದವರು ಯಾರು ಅಂತ ಆ ತರುಣ ಯೋಚಿಸಿದ ಹಾಗಿಲ್ಲ.

ಇದೇ ಆಡಮ್ ಇನ್ನೊಂದು ಮಾತು ಹೇಳಿದ್ದಾನೆ. ಇಂಗ್ಲಿಷರು ಊಟದ ಕೋಣೆಯಲ್ಲಿ ದಿನದ ಬಹಳ ಹೊತ್ತು ಕಳೆಯುತ್ತಾರೆ. ಹಾಗಾಗಿ ಅದರ ಗೋಡೆಗೆ ರೇಷ್ಮೆ ಬಟ್ಟೆ, ಚಿತ್ರಗಂಬಳಿ ಹೊದಿಸಬಾರದು, ಗಾರೆಯ ಕೆತ್ತನೆ ಇರಬೇಕು. ಬಟ್ಟೆಯಾದರೆ ಊಟದ ವಾಸನೆ ಹಿಡಿದುಕೊಳ್ಳುತ್ತದೆ. ಹುಳಿ ಒಗ್ಗರಣೆಯ ವಾಸನೆ ಪರದೆಗೆ ಹತ್ತಿಕೊಂಡು ಪಕ್ಕದ ಮನೆಯವರ ಮುಂದೆ ಸಂಕೋಚಪಡುವ ನಮಗೆ ಈ ಸಲಹೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಅರಮನೆಯಂಥ ಮನೆ ಇದ್ದವರಿಗೆ ಬಿಡಿ ಭಾಗಗಳು ಸರಿ. ಊರಿನ ವಕೀಲ, ವ್ಯಾಪಾರಿ ಏನು ಮಾಡಬೇಕು? ಎಲ್ಲವನ್ನೂ ಒಂದೇ ಸಾಮಾನಿಗೆ ತುರುಕಿದರು. 1788ರಲ್ಲಿ ಬಂದ ಲಂಡನ್ ಬಡಗಿಗಳ ದರಪಟ್ಟಿಯಲ್ಲಿ ಥಾಮಸ್ ಶಿಯರರ್ ಬರೆದ ಚಿತ್ರಗಳಿವೆ. ಅದೇ ವರ್ಷ ಬಡಗಿ ಜಾರ್ಜ್ ಹೆಪಲ್‌ವೈಟ್‌ನ ವಿನ್ಯಾಸ ಪುಸ್ತಕವೂ ಬಂತು. ಹೆಪಲ್‌ವೈಟ್ ಆಗಲೇ ತೀರಿಕೊಂಡು ಎರಡು ವರ್ಷವಾಗಿತ್ತು, ಪುಸ್ತಕ ಹೊರತಂದದ್ದು ಹೆಂಡತಿ ಆಲಿಸ್. ಸೈಡ್‌ಬೋರ್ಡು ಇಲ್ಲದ ಊಟದ ಕೋಣೆ ಅರೆಬರೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದಕ್ಕಿಂತ ಮೂವತ್ತು ವರ್ಷ ಹಿಂದೆ ಆ ಸಾಮಾನೇ ಇರಲಿಲ್ಲ, ನೋಡಿ.

ಈ ಕಾಲದ ಸೈಡ್‌ಬೋರ್ಡು ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದ. ಐದಾರು ಅಡಿ ಉದ್ದ. ಕೆಳಗೆ ಹೋದಂತೆ ಸಣ್ಣಗಾಗುವ ಆರು ಕಾಲು. ಮುಂಭಾಗ ಸ್ವಲ್ಪ ಉಬ್ಬಿರುತ್ತದೆ, ಇಲ್ಲವೇ ಹಾವಿನಂತೆ ಬಳುಕಿರುತ್ತದೆ. ನಡುವೆ ಒಂದು ತೆಳುವಾದ ಡ್ರಾಯರ್, ಮೇಜುಬಟ್ಟೆಗೆ. ಎರಡೂ ಪಕ್ಕ ಆಳವಾದ ಡ್ರಾಯರ್‌ಗಳು. ಎರಡೆರಡು ಡ್ರಾಯರ್ ಇದ್ದಂತೆ ಮುಂದೆ ಗೆರೆ, ಹಿಡಿಕೆ ಎಲ್ಲ ಇರುತ್ತದೆ, ಎಳೆದರೆ ಎಷ್ಟೋ ಸಲ ಒಂದೇ ಬರುತ್ತದೆ. ಸುಳ್ಳು ಮುಖ. ಒಳಗೆ ಬಾಟಲಿ ನಿಲ್ಲಿಸಲು ಮನೆಗಳು, ಅಥವಾ ಸೀಸದ ತಗಡು ಹೊಡೆದ ತೊಟ್ಟಿ. ಬೆಳ್ಳಿ ಚಮಚ, ಲೋಟ ಕಡಿಮೆ ಇದ್ದ ಮನೆಗಳಲ್ಲಿ ಊಟದ ನಡುವೆಯೇ ಅವನ್ನು ಅಲ್ಲಿ ಜಾಲಿಸಿ ಮತ್ತೆ ಮೇಜಿಗೆ ಕಳಿಸುತ್ತಿದ್ದರು. ಹಿಂದೆ ಹಿತ್ತಾಳೆ ಸರಳು, ಅದಕ್ಕೆ ಸಣ್ಣ ಪರದೆ. ಬಡಿಸುವಾಗ ಗೋಡೆಗೆ ಸಿಡಿಯದಿರಲಿ ಅಂತ. ಮೇಲೆ ಮಾತ್ರ ಮನೆಯ ಬೆಳ್ಳಿಯೆಲ್ಲ ಮೇಣದ ಬೆಳಕಿಗೆ ಫಳಫಳ. ಕೂತವರಿಗೆ ಕಾಣುವುದು ಬೆಳ್ಳಿ. ಎಂಜಲು ನೀರು, ಖಾಲಿ ಬಾಟಲಿ, ಆ ಇನ್ನೊಂದು ಪಾತ್ರೆ, ಎಲ್ಲ ನಯವಾದ ಸುಳ್ಳು ಮುಖದ ಹಿಂದೆ.

ನಮ್ಮ ಕಡೆ ಊಟದ ಕೋಣೆ ಅನ್ನುವುದೇ ಇರಲಿಲ್ಲ. ನೆಲದ ಮೇಲೆ ಸಾಲಾಗಿ ಎಲೆ. ಬಡಿಸುವವರು ಬಕೆಟ್ಟು ಸೌಟು ಹಿಡಿದು ಒಂದೊಂದು ಎಲೆಗೂ ಬಗ್ಗಬೇಕು. ಪಾತ್ರೆ ಇಡಲು ಒಂದು ಹಲಗೆಯೂ ಇಲ್ಲ. ಮದುವೆಮನೆಯಲ್ಲಿ ಮೂರು ಪಂಕ್ತಿ ಬಡಿಸಿದವರ ಸೊಂಟಕ್ಕೆ ಅದು ಗೊತ್ತು. ಮನೆಯಲ್ಲಾದರೆ ಆ ಕೆಲಸ ಹೆಂಗಸರದು, ಅವರ ಊಟ ಕೊನೆಗೆ, ತಳದಲ್ಲಿ ಉಳಿದದ್ದರಲ್ಲಿ. ಇಂಗ್ಲಿಷ್ ಬಟ್ಲರ್‌ಗೆ ಬಗ್ಗುವ ಕಷ್ಟ ಇರಲಿಲ್ಲ. ಅವನ ಎತ್ತರಕ್ಕೆ ಮಹಾಗನಿಯ ಸಾಮಾನೇ ಇತ್ತು. ಹಾಗಂತ ಅದು ಅವನ ಮೇಲಿನ ಕರುಣೆಯಲ್ಲ. ಬೆಳ್ಳಿ ಎತ್ತರದಲ್ಲಿದ್ದರೆ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಮಹಾಗನಿ ಅಂದೆ. ಅದರ ಕಥೆ ಇನ್ನೂ ಕರಾಳ. 1721ರಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕ ಕಡೆಯ ತನ್ನ ವಸಾಹತುಗಳಿಂದ ಬರುವ ಮರಕ್ಕೆ ಸುಂಕ ತೆಗೆದುಹಾಕಿತು. ಜಮೈಕಾದಿಂದ ಮಹಾಗನಿ ಹಡಗು ಹಡಗಾಗಿ ಬಂತು. ಅಗಲವಾದ ಹಲಗೆ ಸಿಗುವ ಮರ. ಡೊಂಕಾಗುವುದು ಕಡಿಮೆ. ಪಾಲಿಶ್ ಹಾಕಿದರೆ ಕೆಂಪು ಬೆಳಕು ಒಳಗಿಂದ ಬರುತ್ತದೆ. ಜಮೈಕಾದಲ್ಲಿ ಕೈಗೆಟುಕುವ ಮರ ಮುಗಿಯುತ್ತಾ ಬಂದಾಗ ಕ್ಯೂಬಾ, ಹೊಂಡುರಾಸ್ ಕರಾವಳಿ. ಈಗ ಬೆಲೀಝ್ ಅನ್ನುವ ದೇಶದಲ್ಲಿ ಆಫ್ರಿಕಾದಿಂದ ತಂದ ಗುಲಾಮರು ಈ ಮರ ಕಡಿದರು. ಅವರಲ್ಲೇ ಕಾಡು ಬಲ್ಲ ಒಬ್ಬ ಎಲ್ಲಕ್ಕಿಂತ ಎತ್ತರದ ಮರ ಹತ್ತಿ, ಎಲೆಯ ಬಣ್ಣ ನೋಡಿ ಮಹಾಗನಿ ಎಲ್ಲಿದೆ ಅಂತ ಗುರುತು ಹಿಡಿಯುತ್ತಿದ್ದ. ಬುಡದ ಬೇರು ಗೋಡೆಯಂತೆ ಹರಡಿರುವುದರಿಂದ ಸುತ್ತ ಅಟ್ಟಣಿಗೆ ಕಟ್ಟಿ, ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ನಿಂತು ಕೊಡಲಿ ಹಾಕಬೇಕು. ಹಗಲಿನ ಬಿಸಿಲಿಗೆ ಎತ್ತುಗಳು ತಡೆಯುವುದಿಲ್ಲ ಅಂತ ದಿಮ್ಮಿಗಳನ್ನು ರಾತ್ರಿ ಪಂಜಿನ ಬೆಳಕಿನಲ್ಲಿ ಹೊಳೆಗೆ ಎಳೆಯುತ್ತಿದ್ದರು. ಬೆಲೀಝ್ ದೇಶದ ಲಾಂಛನದಲ್ಲಿ ಇವತ್ತಿಗೂ ಮಹಾಗನಿ ಮರವಿದೆ, ಪಕ್ಕದಲ್ಲಿ ಕೊಡಲಿ ಹಿಡಿದವನಿದ್ದಾನೆ.

ಯಾರ್ಕ್‌ಷೈರಿನ ಹೇರ್‌ವುಡ್ ಹೌಸ್‌ನಲ್ಲಿ ಹೆಸರಾಂತ ಬಡಗಿ ಥಾಮಸ್ ಚಿಪ್ಪೆಂಡೇಲ್ 1771ರ ಸುಮಾರಿಗೆ ಮಾಡಿಕೊಟ್ಟ ಸೈಡ್‌ಬೋರ್ಡು, ಪೆಟ್ಟಿಗೆ, ಕಲಶಗಳ ಜೋಡಿ ಇದೆ. ಇಂಗ್ಲೆಂಡಿನ ಅತಿ ಸುಂದರ ಮರದ ಕೆಲಸಗಳಲ್ಲಿ ಒಂದು, ಅನುಮಾನವಿಲ್ಲ. ಆ ಮನೆ ಕಟ್ಟಿಸಿದ ಲ್ಯಾಸೆಲ್ಸ್ ಮನೆತನದ ದುಡ್ಡು ಬಂದದ್ದು ವೆಸ್ಟ್ ಇಂಡೀಸಿನ ಸಕ್ಕರೆಯಿಂದ, ಗುಲಾಮರ ವ್ಯಾಪಾರದಿಂದ. ಎರಡೂ ನಿಜ. ಅದರ ಮುಂದೆ ನಿಂತಾಗ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಪಾಲಿಶ್ ವಿಷಯಕ್ಕೆ ಬಂದರೆ ನಮ್ಮ ದೇಶವೇ ಬಂತು. ಹಳೆಯ ಮಹಾಗನಿಯ ಕನ್ನಡಿಯಂಥ ಹೊಳಪು ಅರಗಿನದು. ಮುತ್ತುಗ, ಬೋರೆ ಇಂಥ ಮರಗಳ ಕೊಂಬೆಯಲ್ಲಿ ಅರಗಿನ ಹುಳ ಕೂರುತ್ತದಲ್ಲ, ಅದೇ. ಭಾರತದಿಂದ ಹಡಗಿನಲ್ಲಿ ಹೋದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ ಉಜ್ಜುತ್ತಿದ್ದರು. ಚನ್ನಪಟ್ಟಣದಲ್ಲಿ ಇದೇ ಅರಗನ್ನು ತಿರುಗುವ ಗೊಂಬೆಗೆ ಒತ್ತಿ ಹಿಡಿದು, ಉಜ್ಜಿದ ಬಿಸಿಗೇ ಕರಗಿಸಿ ಬಣ್ಣ ಹಿಡಿಸುತ್ತಾರೆ. ಸಾಮಗ್ರಿ ಒಂದೇ, ದಾರಿ ಬೇರೆ. ಇಂಗ್ಲೆಂಡಿನಲ್ಲಿ ಈ ಪಾಲಿಶ್ ಎಲ್ಲೆಡೆ ಬಂದದ್ದು 1820ರ ನಂತರ. ಅದಕ್ಕೆ ಮುಂಚೆ ಮೇಣ, ಅಗಸೆ ಎಣ್ಣೆ. ಹಾಗಾಗಿ 1790ರ ಸೈಡ್‌ಬೋರ್ಡು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಮೊಮ್ಮಕ್ಕಳ ಕಾಲದಲ್ಲಿ ಹಚ್ಚಿದ ಹೊಳಪು.

ಇಲ್ಲಿ ಒಂದು ತಮಾಷೆ ಇದೆ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ವೈನ್, ಬ್ರಾಂದಿ ಬಡಿಸಲು ಅಂತಲೇ ಇರುವ ಮೇಜಿಗೆ ಬ್ರಾಂದಿ ಚೆಲ್ಲಿದರೆ ಕರಗುವ ಪಾಲಿಶ್! ಬಿಸಿಯೂ ಆಗದು. ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಅರಗಿಗೂ ಬಿಸಿಗೂ ಆಗಿಬರುವುದಿಲ್ಲ ಅಂತ ಪಾಂಡವರ ಕಥೆ ಕೇಳಿ ಬೆಳೆದವರಿಗೆ ಬೇರೆ ಹೇಳಬೇಕಾ? ನಮ್ಮ ಮನೆಯಲ್ಲಿ ಸೈಡ್‌ಬೋರ್ಡಿನ ಮೇಲೆ ಮೊದಲು ಬಟ್ಟೆ, ಅದರ ಮೇಲೆ ಹಲಗೆ, ಅದರ ಮೇಲೆ ಕುಕ್ಕರ್. ದೀಪಾವಳಿಯ ದೀಪಕ್ಕೆ ಹಿತ್ತಾಳೆ ತಟ್ಟೆ ಬೇಕೇಬೇಕು.

ವಿಕ್ಟೋರಿಯಾ ಕಾಲದ ಸೈಡ್‌ಬೋರ್ಡು ನನಗೆ ಇಷ್ಟವಿಲ್ಲ. ಕಾಲು ಹೋಗಿ ನೆಲದವರೆಗೆ ಬೀರು ಬಂತು. ಮೇಲೆ ದೊಡ್ಡ ಕನ್ನಡಿ. ಸತ್ತ ಮೊಲ, ಹಕ್ಕಿ, ದ್ರಾಕ್ಷಿ ಗೊಂಚಲು, ಎಲ್ಲ ಕೆತ್ತನೆ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ವಾರ್ವಿಕ್‌ನ ಕುಕ್ಸ್ ಕಂಪನಿ ಮಾಡಿದ ಓಕ್ ಮರದ ಒಂದು ದೈತ್ಯ ವಾರ್ವಿಕ್ ಕೋಟೆಯಲ್ಲಿದೆ. ಮೊದಲನೇ ಎಲಿಝಬೆತ್ ರಾಣಿ 1575ರಲ್ಲಿ ಕೆನಿಲ್‌ವರ್ತ್‌ಗೆ ಬಂದ ಮೆರವಣಿಗೆಯನ್ನೇ ಅದರಲ್ಲಿ ಕೆತ್ತಿದ್ದಾರೆ. ಕೆಲಸಕ್ಕೆ ಕೈ ಮುಗಿಯಬೇಕು. ಅದರ ಮುಂದೆ ಕೂತು ಊಟ ಮಾಡು ಅಂದರೆ ನನಗೆ ಗಂಟಲಿಗೆ ಇಳಿಯುವುದಿಲ್ಲ.

ಆದರೆ ಸೈಡ್‌ಬೋರ್ಡು ಹಾಗೆ ದೊಡ್ಡದಾಗಲು ಕಾರಣವಿತ್ತು. ಮೊದಲು ಎಲ್ಲ ಭಕ್ಷ್ಯಗಳನ್ನೂ ಮೇಜಿನ ಮೇಲೇ ಒಟ್ಟಿಗೆ ಇಡುತ್ತಿದ್ದರು. ಕೂತವರೇ ಒಬ್ಬರಿಗೊಬ್ಬರು ದಾಟಿಸಿ ಬಡಿಸಿಕೊಳ್ಳಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯನ್ ಪದ್ಧತಿ ಬಂತು. ಮಾಂಸವನ್ನು ಸೈಡ್‌ಬೋರ್ಡಿನ ಮೇಲೆ ಕೊಯ್ದು, ಒಂದಾದ ಮೇಲೆ ಒಂದರಂತೆ ಆಳುಗಳು ಪ್ರತಿಯೊಬ್ಬರ ಬಳಿಗೂ ತರುತ್ತಾರೆ. ಅದಕ್ಕೆ ಜಾಸ್ತಿ ಜಾಗ ಬೇಕು, ಜಾಸ್ತಿ ಆಳು ಬೇಕು. ಬೆಳಗಿನ ತಿಂಡಿಗೆ ಮಾತ್ರ ಉಲ್ಟಾ. ಸೈಡ್‌ಬೋರ್ಡಿನ ಮೇಲೆ ಬೆಳ್ಳಿ ಮುಚ್ಚಳದ ಪಾತ್ರೆಗಳು, ಕೆಳಗೆ ಸಣ್ಣ ದೀಪ. ಎದ್ದವರು ಎದ್ದ ಹಾಗೆ ಬಂದು ತಾವೇ ಹಾಕಿಕೊಳ್ಳಬೇಕು. ಆ ಪಾತ್ರೆಗಳಲ್ಲಿ ಒಂದರಲ್ಲಿ ಕೆಜರೀ. ನಮ್ಮ ಕಿಚಡಿಯೇ, ಬೇಳೆ ಹೋಗಿ ಹೊಗೆ ಹಾಕಿದ ಮೀನು, ಬೇಯಿಸಿದ ಮೊಟ್ಟೆ ಸೇರಿದ್ದು. ಭಾರತದಿಂದ ಮರಳಿದವರ ಜೊತೆ ಬಂದ ತಿಂಡಿ, ದೊರೆಗಳ ಸೈಡ್‌ಬೋರ್ಡ್ ಹತ್ತಿ ಕೂತುಬಿಟ್ಟಿತು.

ಆ ಕಾಲದಲ್ಲೇ ಒಬ್ಬ ಇಂಗ್ಲಿಷ್ ವಾಸ್ತುಶಿಲ್ಪಿ ಬೇರೆ ದಾರಿ ಹಿಡಿದ. ಇ. ಡಬ್ಲ್ಯು. ಗಾಡ್ವಿನ್ 1867ರ ಸುಮಾರಿಗೆ ವಿನ್ಯಾಸ ಮಾಡಿದ ಸೈಡ್‌ಬೋರ್ಡಿನಲ್ಲಿ ಕೆತ್ತನೆ ಒಂದೂ ಇಲ್ಲ. ಕಪ್ಪು ಬಣ್ಣದ ನೇರ ಕಂಬಿಗಳು, ನಡುವೆ ಖಾಲಿ ಜಾಗ, ಜಪಾನಿನ ಕಾಗದದ ಫಲಕ. ಒಂದು ಪ್ರತಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ನೋಡಿದರೆ ನೂರು ವರ್ಷ ಮುಂದಿನ ಮನೆಯಿಂದ ಯಾರೋ ತಂದಿಟ್ಟ ಹಾಗಿದೆ.

ಮುಂದಿನದು ಬೇಗ ಹೇಳಬಹುದು. ಎರಡು ಮಹಾಯುದ್ಧಗಳ ಹೊತ್ತಿಗೆ ಮನೆಯಾಳುಗಳು ಫ್ಯಾಕ್ಟರಿ, ಆಫೀಸು ಸೇರಿದರು. ಹೋದವರು ವಾಪಸ್ ಬರಲಿಲ್ಲ. ಯುದ್ಧದ ಕೊರತೆಯಲ್ಲಿ, 1943ರಿಂದ, ಸರ್ಕಾರವೇ ಯುಟಿಲಿಟಿ ಅನ್ನುವ ಸರಳ ಸಾಮಾನು ಮಾಡಿಸಿ, ಬಾಂಬಿಗೆ ಮನೆ ಕಳೆದುಕೊಂಡವರಿಗೆ, ಹೊಸದಾಗಿ ಮದುವೆಯಾದವರಿಗೆ ಕೂಪನ್ ಮೇಲೆ ಕೊಳ್ಳಲು ಬಿಟ್ಟಿತು. ಅಂಥ ಬಿಗಿಯಲ್ಲೂ ಪಟ್ಟಿಯಲ್ಲಿ ಸೈಡ್‌ಬೋರ್ಡು ಇತ್ತು. ಬಿಡಲಾಗಲಿಲ್ಲ ಅವರಿಗೆ. 1953ರಲ್ಲಿ ಹೈ ವಿಕಂಬ್‌ನ ಇ. ಗೊಮ್ ಕಂಪನಿ ಜಿ ಪ್ಲ್ಯಾನ್ ತಂದಿತು, ಸಂಬಳ ಬಂದ ಹಾಗೆ ಒಂದೊಂದಾಗಿ ಕೊಳ್ಳುವ ಸಾಮಾನು. ಡೆನ್ಮಾರ್ಕಿನಿಂದ ತೇಗದ ಉದ್ದನೆಯ, ತಗ್ಗಿನ ಸೈಡ್‌ಬೋರ್ಡುಗಳು ಬಂದವು. ಆರ್ನೆ ವೋಡರ್ ವಿನ್ಯಾಸದ್ದಂತೂ ಇವತ್ತು ಕೈಗೆಟುಕದ ಬೆಲೆ. ಇವುಗಳ ಎತ್ತರ 30 ಇಂಚು, ಹೆಚ್ಚೆಂದರೆ 32. ಮುಂದೆ ಯಾರೂ ನಿಲ್ಲುವುದಿಲ್ಲ ಅಂತ ವಿನ್ಯಾಸಕಾರರಿಗೆ ಗೊತ್ತಾಗಿತ್ತು. ಅಡುಗೆಮನೆಯ ಗೋಡೆಗೆ ಒಂದು ಕಿಟಕಿ ಕೊರೆದು, ಮನೆಯಾಕೆ ಅಲ್ಲಿಂದಲೇ ಪಾತ್ರೆ ದಾಟಿಸುತ್ತಿದ್ದಳು. ಬಟ್ಲರ್‌ನ ಕೆಲಸ ಅವಳಿಗೆ ಬಂತು, ಅವನ ಎತ್ತರದ ಮೇಜು ಮಾತ್ರ ಬರಲಿಲ್ಲ. ಈಗ ಆ ತಗ್ಗಿನ ಸೈಡ್‌ಬೋರ್ಡಿನ ಮೇಲೆ ಟಿವಿ ಇದೆ. ಸೋಫಾದಲ್ಲಿ ಕೂತವರ ಕಣ್ಣಿಗೆ ಸರಿಯಾದ ಎತ್ತರ, ಅಲ್ವಾ?

ಇದರಿಂದ ಒಂದು ವಿಚಿತ್ರ ಆಗಿದೆ. 1960ರ ವಿಂಟೇಜ್ ತೇಗಕ್ಕೆ ಜನ ಮುಗಿಬೀಳುತ್ತಾರೆ. ನೂರು ವರ್ಷ ದಾಟಿದ, ಆಂಟೀಕ್ ಅಂತ ಕರೆಸಿಕೊಳ್ಳುವ ಮಹಾಗನಿಯನ್ನು ಕೇಳುವವರಿಲ್ಲ. ಕಂದು ಸಾಮಾನು ಅಂತ ಮೂಗು ಮುರಿಯುತ್ತಾರೆ. ನಾನು ಕೊಂಡದ್ದು ಏಳನೇ ಎಡ್ವರ್ಡ್ ರಾಜನ ಕಾಲದ್ದು (1901–1910), 1790ರ ಶೈಲಿಯನ್ನು ಮತ್ತೆ ಮಾಡಿದ್ದು. ಊರಿನ ಹರಾಜಿನಲ್ಲಿ ಕೈ ಎತ್ತಿದವಳು ನಾನೊಬ್ಬಳೇ. ಪೆಟ್ಟಿಗೆ ಬಿಚ್ಚಿ ನಾವೇ ಜೋಡಿಸಿಕೊಳ್ಳುವ ಹೊಸ ಬೀರುವಿಗಿಂತ ಅಗ್ಗ. ಮನೆಗೆ ತರಿಸಲು ವ್ಯಾನಿಗೆ ಕೊಟ್ಟ ಬಾಡಿಗೆಯೇ ಜಾಸ್ತಿಯಾಯಿತು. ಮೂಗಿಗಿಂತ ಮೂಗುತಿ ಭಾರ.

ಕೊಳ್ಳುವವರು ಮುಂಭಾಗ ನೋಡಿ ಮರುಳಾಗಬಾರದು. ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ತಿರುವಿ ನೋಡಿ. ಮೂಲೆಯಲ್ಲಿ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಡವ್‌ಟೇಲ್ ಹಲ್ಲುಗಳು ಒಂದೊಂದು ಒಂದೊಂದು ಅಳತೆ ಇದ್ದರೆ ಕೈ ಕೆಲಸ. ಎಲ್ಲ ಒಂದೇ ಸಮ ಇದ್ದರೆ ಯಂತ್ರದ್ದು. ಒಳಗಿನ ಮರ ಓಕ್ ಅಥವಾ ಪೈನ್ ಇರುತ್ತದೆ, ಮಹಾಗನಿ ಹೊರಗೆ ಮಾತ್ರ. ಅದು ಮೋಸವಲ್ಲ, ಆಗಿನ ರೀತಿಯೇ ಹಾಗೆ. ಮುಂಭಾಗದ ಒಳಬದಿಯಲ್ಲಿ ಬೇಡದ ತೂತುಗಳಿದ್ದರೆ ಹಿಡಿಕೆ ಬದಲಾಗಿದೆ ಅಂತ ಅರ್ಥ. ವೆನೀರಿನ ಅಂಚು ನೋಡಿ. ಕೈ ಗರಗಸದಲ್ಲಿ ಸೀಳಿದ್ದು ದಪ್ಪ, ಯಂತ್ರದ್ದು ಕಾಗದದಷ್ಟು ತೆಳು. ಹಿಂಬದಿಯ ಹಲಗೆಯಲ್ಲಿ ಬಿಲ್ಲಿನಂಥ ಗೀರುಗಳಿದ್ದರೆ ಅದು ವೃತ್ತಾಕಾರದ ಗರಗಸದ ಗುರುತು, 1790ರದ್ದು ಅಂತ ಹೇಳಿದರೆ ನಂಬಬೇಡಿ. ದೊಡ್ಡ ಸೈಡ್‌ಬೋರ್ಡುಗಳನ್ನು ಸಣ್ಣ ಮನೆಗೆ ಸರಿಹೊಂದಲಿ ಅಂತ ಹಿಂದಿನಿಂದ ಕೊಯ್ದು ಗಿಡ್ಡ ಮಾಡಿರುವುದೂ ಉಂಟು. ಹಾಗಾಗಿದ್ದರೆ ಡ್ರಾಯರಿನ ಹಿಂದಿನ ಮೂಲೆಯ ಕೆಲಸ ಮುಂದಿನದಕ್ಕೆ ಹೊಂದುವುದಿಲ್ಲ. ಇನ್ನೊಂದು ಮಾತು. ಹಳೆಯ ಡ್ರಾಯರಿನಲ್ಲಿ ಸೀಸದ ತಗಡು ಉಳಿದಿದ್ದರೆ ಅದರಲ್ಲಿ ತಿನ್ನುವ ವಸ್ತು ಇಡಬೇಡಿ. ನನ್ನದರಲ್ಲಿ ಸೀಸ ಇಲ್ಲ, ಬಾಟಲಿಯ ಮನೆಗಳಿವೆ. ಒಂದೊಂದು ಮನೆಗೆ ಒಂದೊಂದು ಡಬ್ಬಿ: ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಬಾಟಲಿಗೆ ಅಂತ ಮಾಡಿದ ಅಳತೆ ಡಬ್ಬಿಗೆ ಸರಿಯಾಗಿ ಕೂತಿತು.

ಬೆಂಗಳೂರಿನ ಗೆಳತಿಯೊಬ್ಬಳು ಫ್ಲ್ಯಾಟಿಗೆ ಒಂದು ಬೇಕು ಅನ್ನುತ್ತಿದ್ದಾಳೆ. ಅವಳ ಮನೆಯಲ್ಲಿ ಗೋಡೆಗೆ ಕೂರಿಸಿದ ಪ್ಲೈವುಡ್ಡಿನ ಕ್ರಾಕರಿ ಯೂನಿಟ್ ಇದೆ. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆ ಒಡೆದು ಕಟ್ಟೆ ಮಾಡಿಸಿದ್ದಾಳೆ. ಅದಕ್ಕೆ ಎತ್ತರದ ಸ್ಟೂಲು. ಆ ಕಟ್ಟೆ 36 ಇಂಚಂತೆ. ಉಣ್ಣುವವರೇ ಈಗ ನಿಂತವರ ಎತ್ತರಕ್ಕೆ ಏರಿ ಕಾಲು ಇಳಿಬಿಟ್ಟು ಕೂತಿದ್ದಾರೆ! ಇಲ್ಲಿಂದ ಮಹಾಗನಿ ಕಳಿಸು ಅಂದಳು. ಬೇಡ ಅಂದೆ. ಇಲ್ಲಿನ ಚಳಿಗೆ ಒಗ್ಗಿದ ವೆನೀರು ಹಡಗಿನ ಸೆಕೆ, ನಮ್ಮ ಮಳೆಗಾಲ, ಏಪ್ರಿಲ್ ಬಿಸಿಲು ನೋಡಿದರೆ ಎದ್ದು ಬರಬಹುದು. ಅದರ ಬದಲು ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಸಾಮಾನು ಮಾರಾಟಕ್ಕೆ ಬರುವುದನ್ನು ಕಾಯಲಿ. ತೋಟದ ದೊರೆಗಳಿಗೆ ಅಂತ ಅಲ್ಲಿನ ಆಚಾರಿಗಳು ತೇಗ, ಬೀಟೆಯ ಗಟ್ಟಿ ಹಲಗೆಯಲ್ಲಿ ಮಾಡಿದ ಸೈಡ್‌ಬೋರ್ಡು. ಅದಕ್ಕೆ ವೆನೀರಿನ ತಂಟೆ ಇಲ್ಲ. ಕಾಲಿನ ತುದಿಯಲ್ಲಿ ಬಣ್ಣ ಬದಲಾಗಿದ್ದರೆ ಗಾಬರಿ ಬೇಡ, ಇರುವೆ ಹತ್ತದಿರಲಿ ಅಂತ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದ್ದ ಗುರುತು ಇರಬಹುದು. ತೂಕ ಮಾತ್ರ ಭಯಂಕರ, ಬಿಚ್ಚಿ ಜೋಡಿಸಲೂ ಬರುವುದಿಲ್ಲ. ಮುಂಗಡ ಕೊಡುವ ಮುಂಚೆ ಲಿಫ್ಟಿನ ಬಾಗಿಲು ಅಳೆದುಕೋ ಅಂತ ಹೇಳಿದ್ದೇನೆ. ಇನ್ನೂ ಅಳೆದಿಲ್ಲವಂತೆ.